ಧಡ್ ಎನ್ನದ ಆಂಪ್ಲಿಫೈಯರ್

ಆಂಪ್ಲಿಫೈಯರ್ ಆನ್ ಮಾಡಿದ ಕೂಡಲೇ ಸ್ಪೀಕರಿನಿಂದ ‘ಧಡ್’ ಎಂದು ಒಂದು ಸದ್ದು ಬರುತ್ತದಲ್ಲ, ಅದು ಶಕ್ತಿಯಲ್ಲ, ರೋಗ. ಈ ಮಾತನ್ನು ಭದ್ರಾವತಿಯಲ್ಲಿ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ನಿಲ್ಲಿಸಿಕೊಂಡು ಹೇಳಿದ್ದೇನೆ, ಚಿತ್ರ ಬರೆದು ಹೇಳಿದ್ದೇನೆ, ಗಂಟಲು ಹರಿಯುವಂತೆ ಕಿರುಚಿಯೂ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸುತ್ತಿದ್ದರು. ತಲೆಯಾಡಿಸಿ ಕೊನೆಗೆ, “ಅದೆಲ್ಲ ಸರಿ, ಆದ್ರೂ ಒಂದು ಧಡ್ ಅನ್ಬೇಕಪ್ಪ” ಎನ್ನುತ್ತಿದ್ದರು. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ನ್ಯೂ ಟೌನಿನಲ್ಲಿ ನನ್ನ ಭಾವನ ಸೌಂಡ್ ಸರ್ವಿಸ್ ಇತ್ತು. ಭಾವ ಎಂದರೆ ಅಕ್ಕನ ಗಂಡ. ಗಣಪತಿ ಹಬ್ಬಕ್ಕೆ ತಿಂಗಳಿದೆ ಎನ್ನುವಾಗಲೇ ಯುವಕ ಸಂಘಗಳವರು ಬುಕಿಂಗಿಗೆ ಬರುತ್ತಿದ್ದರು. ಬಂದವರು ಹಾಡು ಹಾಕಿಸಿ ಕೇಳುತ್ತಿರಲಿಲ್ಲ. ಮೈಕು ಹಿಡಿದು ಮಾತಾಡಿ ನೋಡುತ್ತಿರಲಿಲ್ಲ. “ಒಂದ್ಸಲ ಸ್ವಿಚ್ ಹಾಕಿ ಅಣ್ಣ” ಎನ್ನುತ್ತಿದ್ದರು. ಭಾವ ಮದುವೆಯಲ್ಲಿ ಗಂಟೆ ಬಾರಿಸುವ ಪುರೋಹಿತರ ಗಾಂಭೀರ್ಯದಲ್ಲಿ ಸ್ವಿಚ್ ಹಾಕುತ್ತಿದ್ದರು. ಧಡ್! ಗೋಡೆಯ ಕ್ಯಾಲೆಂಡರ್ ನಡುಗುತ್ತಿತ್ತು. ಬಂದವರು ಎದೆಯ ಮೇಲೆ ಕೈಯಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡಿ, “ದಮ್ ಇದೆ” ಎಂದು ತೀರ್ಪು ಕೊಡುತ್ತಿದ್ದರು. ಅಲ್ಲಿಗೆ ಬುಕಿಂಗ್ ಆದಂತೆ. ಊರಿಗೆ ಊರೇ ಹೀಗೆ. ಹಸು ಕೊಳ್ಳಲು ಹೋದವನು ಹಾಲು ಕರೆದು ನೋಡದೆ, ಅದು ಎಷ್ಟು ಜೋರಾಗಿ ಒದೆಯುತ್ತದೆ ಎಂದು ನೋಡಿದ ಹಾಗೆ.

ಆ ಒದೆತ ಬೀಳುತ್ತಿದ್ದುದು ಸ್ಪೀಕರಿಗೆ. ಸ್ವಿಚ್ ಹಾಕಿದಾಗ ಆಂಪ್ಲಿಫೈಯರ್ ಒಳಗೆ ಕರೆಂಟು ಒಂದು ಹದಕ್ಕೆ ಬರುವ ಮೊದಲೇ ಸ್ಪೀಕರಿನ ಕಾಗದದ ಕೋನನ್ನು ಗಬಕ್ಕನೆ ಮುಂದೆ ತಳ್ಳುತ್ತದೆ. ಅದೇ ಧಡ್. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಳಗಿನ ಪವರ್ ಟ್ರಾನ್ಸಿಸ್ಟರ್ ಸುಟ್ಟರೆ ನೇರ ಕರೆಂಟು (ಡಿ.ಸಿ.) ಸ್ಪೀಕರಿಗೆ ನುಗ್ಗಿ ಅದರೊಳಗಿನ ತಂತಿಸುರುಳಿಯನ್ನು, ಅಂದರೆ ಕಾಯಿಲನ್ನು, ಕರಗಿಸಿಬಿಡುತ್ತದೆ. ಭಾವ ಹಿಂದಿನ ವರ್ಷ ಹೀಗೇ ಒಂದು ಬಾಸ್ ಬಾಕ್ಸ್ ಕಳೆದುಕೊಂಡಿದ್ದರು. ಈಗ ಹೊಸದಾಗಿ ಎರಡು ದೊಡ್ಡ ಬಾಕ್ಸು ತಂದು, ಅವುಗಳಿಗೆ ಅಕ್ಕನ ಹಳೇ ಸೀರೆ ಹೊದಿಸಿ ಇಟ್ಟಿದ್ದರು. ಅಕ್ಕ ಹೇಳುತ್ತಿದ್ದಳು: “ಮಕ್ಕಳಿಗೆ ಜ್ವರ ಬಂದ್ರೆ ಈ ಪಾಟಿ ನೋಡ್ಕೊಳಲ್ಲ ಮಾರಾಯ. ಇವೆರಡು ಹೋದ್ರೆ ಅಂಗಡಿ ಬಾಗ್ಲು ಹಾಕೋದೇ.”

ಆಗ ನಾನು ಶಿವಮೊಗ್ಗದಲ್ಲಿ, ಅಪ್ಪಾಜಿ-ಅಮ್ಮನ ಮನೆಯಲ್ಲಿದ್ದುಕೊಂಡು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೆ. ಓದುತ್ತಿದ್ದೆ ಎಂದರೆ, ಲ್ಯಾಬಿನ ಮೇಷ್ಟರು ಮೂಗಿನಲ್ಲಿ “ಡೋಂಟ್ ಟಚ್, ಡೋಂಟ್ ಟಚ್” ಎನ್ನುವುದನ್ನು ಅವರ ಬೆನ್ನ ಹಿಂದೆ ಅಚ್ಚುಕಟ್ಟಾಗಿ ಅನುಕರಿಸಿ, ಅವರು ತಿರುಗಿದಾಗ ಮುಖವನ್ನು ಬಸವಣ್ಣನ ಮುಖ ಮಾಡಿಕೊಂಡು ಕೂರುತ್ತಿದ್ದೆ. ಭದ್ರಾವತಿ ಬಸ್ಸಿನ ಕಂಡಕ್ಟರನ ದನಿ, ಅಪ್ಪಾಜಿ ಫೋನಿನಲ್ಲಿ ಕಿರುಚುವ ದನಿ, ಭಾವನ “ಹಲೋ ಚೆಕ್, ಹಲೋ ಚೆಕ್”, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನದೇ ದನಿ ಯಾವುದು ಎಂದು ಕೇಳಿದರೆ ಮಾತ್ರ ತಡವರಿಸುತ್ತಿದ್ದೆ. ಮೈಯೋ, ಏರಿಯಲ್ ಕಡ್ಡಿಗೆ ಅಂಗಿ ಹಾಕಿದ ಹಾಗೆ.

ಆದರೆ ಬೋರ್ಡು ಮಾಡುವಾಗ ನಾನು ತಮಾಷೆ ಮಾಡುತ್ತಿರಲಿಲ್ಲ. ಭಾವನ ಬಾಕ್ಸುಗಳಿಗಾಗಿ ಒಂದು ಹೊಸ ಆಂಪ್ಲಿಫೈಯರ್ ಬೋರ್ಡನ್ನೂ ಅದನ್ನು ಕಾಯುವ ಇನ್ನೊಂದು ಸಣ್ಣ ಬೋರ್ಡನ್ನೂ ನಾನೇ ಗೀಚಿದೆ. ತಾಮ್ರದ ಹಾಳೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು, ಬೇಡದ ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ಅಲ್ಲಾಡಿಸುತ್ತಾ ಕೂತೆ. ಅದ್ದಿದ್ದು ಅಮ್ಮನ ಅಕ್ಕಿ ತೊಳೆಯುವ ಬೇಸಿನ್ನಿನಲ್ಲಿ. ಬೇಸಿನ್ ಆಜೀವ ಹಳದಿಯಾಯಿತು. ಅಮ್ಮ ಬೈದದ್ದನ್ನು ಇಲ್ಲಿ ಬರೆದರೆ ಸಂಪಾದಕರು ಹೊಡೆದು ಹಾಕುತ್ತಾರೆ. ಮೊದಲ ಬೋರ್ಡು ಇಲಿ ಕಚ್ಚಿದ ರೊಟ್ಟಿಯಂತೆ ಬಂತು. ಆಮೇಲಿನದು ಚೆನ್ನಾಗಿ ಬಂತು.

ಆ ಸಣ್ಣ ಬೋರ್ಡಿನ ನಡುವೆ ಒಂದು ಮೈಕ್ರೋಕಂಟ್ರೋಲರ್ ಚಿಪ್ಪು ಕೂತಿತ್ತು. ಅದರ ಪ್ರೋಗ್ರಾಂ ನಾನೇ ಬರೆದು, ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟರು ಟೀ ಕುಡಿಯಲು ಹೋದಾಗ ತುಂಬಿಸಿಕೊಂಡು ಬಂದಿದ್ದೆ. ಸ್ವಿಚ್ ಹಾಕಿದ ಮೇಲೆ ಅದು ನಾಲ್ಕೈದು ಸೆಕೆಂಡು ಸುಮ್ಮನೆ ನೋಡುತ್ತಿತ್ತು. ಆಂಪ್ಲಿಫೈಯರ್ ಸಮಾಧಾನಕ್ಕೆ ಬಂದಿದೆಯೇ, ನೇರ ಕರೆಂಟು ಎಲ್ಲಿಯಾದರೂ ಸೋರುತ್ತಿದೆಯೇ, ಬಿಸಿ ಹೆಚ್ಚಾಗಿದೆಯೇ ಎಂದು. ಎಲ್ಲ ಸರಿಯಿದ್ದರೆ ರಿಲೇ ಎಂಬ ಪುಟ್ಟ ಸ್ವಿಚ್ಚನ್ನು ‘ಟಿಕ್’ ಎನಿಸಿ ಸ್ಪೀಕರಿಗೆ ದಾರಿ ಬಿಡುತ್ತಿತ್ತು. ಏನಾದರೂ ಕೆಟ್ಟರೆ ಕಣ್ಣು ಮಿಟುಕಿಸುವುದರೊಳಗೆ ದಾರಿ ಮುಚ್ಚಿ ಕೆಂಪು ದೀಪ ಮಿನುಗಿಸುತ್ತಿತ್ತು. ರೈಲ್ವೆ ಗೇಟಿನ ಹಾಗೆ. ಗೇಟಿನ ಹೋಲಿಕೆ ಕೊಟ್ಟದ್ದೇ ನನ್ನ ದಡ್ಡತನ. ಭದ್ರಾವತಿಯಲ್ಲಿ ಗೇಟು ಹಾಕಿದ್ದರೆ ಜನ ನಿಲ್ಲುತ್ತಾರೆಯೇ? ಸೈಕಲ್ ಬಗ್ಗಿಸಿಕೊಂಡು ಅಡಿಯಲ್ಲಿ ನುಸುಳುತ್ತಾರೆ.

ಬೋರ್ಡುಗಳನ್ನು ಒಂದು ಡಬ್ಬಿಯಲ್ಲಿ ಕೂರಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸಿನಲ್ಲಿ ಹೊರಟೆ. ಮಲವಗೊಪ್ಪದಲ್ಲಿ ಹತ್ತಿದ ಒಬ್ಬ ಹಿರಿಯರು “ಟಿಫನ್ನಾ?” ಎಂದು ಕೇಳಿದರು. ಹೆಮ್ಮೆಯಿಂದ “ಪ್ರೊಟೆಕ್ಷನ್” ಎಂದೆ. ಅವರು ಮುಖ ತಿರುಗಿಸಿಕೊಂಡು ಮುಂದಿನ ಸೀಟಿಗೆ ಹೋದರು.

ಭಾವ ಡಬ್ಬಿಯನ್ನು ಕೂರಿಸಿ ಸ್ವಿಚ್ ಹಾಕಿದರು. ಏನೂ ಆಗಲಿಲ್ಲ. ಆಮೇಲೆ ‘ಟಿಕ್’. ಆಮೇಲೆ ಹಾಡು, ಕೊಳದ ನೀರಿನಷ್ಟು ತಿಳಿಯಾಗಿ. ನಾನು ಚಪ್ಪಾಳೆಗೆ ಕಾದೆ.

“ಧಡ್ ಎಲ್ಲಯ್ಯಾ?” ಎಂದರು ಭಾವ.

“ಅದನ್ನ ತೆಗೆಯೋಕೇ ಭಾವ ಇಷ್ಟೆಲ್ಲ ಮಾಡಿದ್ದು.”

“ತೆಗ್ದೆಯಾ? ನಾನು ತೆಗಿ ಅಂದಿದ್ನಾ?”

“ಅದು ಬಾಕ್ಸಿಗೆ ಪೆಟ್ಟು ಭಾವ. ಪ್ರತಿಸಲ ಒದ್ದ ಹಾಗೆ.”

“ನಿನ್ನ ಕಾಲೇಜಲ್ಲಿ ಹಾಗಿರ್ಬೋದು. ಇಲ್ಲಿ ಗಿರಾಕಿ ಬಂದು ಟಿಕ್ ಅಂತ ಕೇಳಿದ್ರೆ ಏನಂತಾನೆ? ಗಡಿಯಾರದ ಅಂಗಡಿ ಅಂತಾನೆ.”

ಅಷ್ಟರಲ್ಲಿ ಕಾಗದನಗರದ ಸಂಘದ ಕಾರ್ಯದರ್ಶಿ ಬಂದರು. ಕಾರ್ಖಾನೆ ಕ್ವಾರ್ಟರ್ಸಿನವರು, ಮನೆಮಾತು ತಮಿಳು, ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ಅವರಿಗೂ ಸ್ವಿಚ್ ಹಾಕಿ ತೋರಿಸಲಾಯಿತು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಕಾದರು. ಟಿಕ್. ಕೈ ಹಾಗೇ ಕೆಳಗಿಳಿಯಿತು.

“ಏನ್ ತಂಬಿ, ಇದಕ್ಕೆ ಹುಷಾರಿಲ್ವಾ?” ಎಂದು ನನ್ನನ್ನೇ ಕೇಳಿದರು. ನಾನು ವಿವರಿಸತೊಡಗಿದೆ. ಚಿತ್ರ ಬರೆದೆ. ಅವರು ಪೂರ್ತಿ ಕೇಳಿ, ಭಾವನ ಕಡೆ ತಿರುಗಿ, “ಹಳೇದೇ ಕೊಡಿ ಅಣ್ಣಾ, ಇದು ಬ್ಯಾಡ” ಎಂದರು. ಭಾವ ನನ್ನ ಕಡೆ ನೋಡಿದ ನೋಟ! ಅವರ ಅಂಗಡಿಗೆ ನಾನೇ ಬೀಗ ಹಾಕಿ ಕೀಲಿ ನುಂಗಿದ ಹಾಗೆ.

ಬೋರ್ಡು ತೆಗೆಯುವುದಿಲ್ಲ ಎಂದು ನಾನು ಹಟ ಹಿಡಿದೆ. ಬೋರ್ಡು ಇದ್ದರೆ ಬಾಕ್ಸು ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ, ಇಷ್ಟು ಸರಳ. ಭಾವ ಕೊನೆಗೆ, “ಆಯ್ತು ಮಾರಾಯ, ಇರ್ಲಿ. ಹೋಗು” ಎಂದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಭಾವ ಸೊಪ್ಪಿನವಳ ಹತ್ತಿರವೂ ಅಷ್ಟು ಬೇಗ ಒಪ್ಪಿದವರಲ್ಲ.

ಹಬ್ಬ ಬಂತು. ನ್ಯೂ ಟೌನಿನ ಒಂದು ಪೆಂಡಾಲಿನಲ್ಲಿ ಸಂಜೆ ಆರ್ಕೆಸ್ಟ್ರಾ, ನಡುವೆ ನನ್ನ ಮಿಮಿಕ್ರಿ. ನಾನು ವೇದಿಕೆಯ ಪಕ್ಕ, ಭಾವನ ಆಂಪ್ಲಿಫೈಯರ್ ಮೇಜಿನ ಹತ್ತಿರ ನನ್ನ ಸರದಿಗೆ ಕಾಯುತ್ತಿದ್ದೆ. ಒಬ್ಬ ಗಾಯಕ ಒಂದು ಹಾಡನ್ನು ಜೀವಂತ ಸುಲಿಯುತ್ತಿದ್ದ. ಇದ್ದಕ್ಕಿದ್ದಂತೆ ಬಲಗಡೆ ಬಾಕ್ಸಿನಿಂದ ‘ಗುಂ’ ಎಂದು ಒಂದೇ ಸಮನೆ ಗೊಣಗು ಶುರುವಾಯಿತು. ಆಂಪ್ಲಿಫೈಯರ್ ಕಡೆ ನೋಡಿದೆ. ನನ್ನ ಕೆಂಪು ದೀಪ ಮಿನುಗುತ್ತಿತ್ತು. ಮೊದಲು ಬಂದದ್ದು ಸಂತೋಷ, ಸುಳ್ಳು ಹೇಳುವುದಿಲ್ಲ. ಚಿಪ್ಪು ತಪ್ಪನ್ನು ಹಿಡಿದಿದೆ! ರಿಲೇ ದಾರಿ ಮುಚ್ಚಿದೆ! ಮರುಕ್ಷಣವೇ ಇನ್ನೊಂದು ಹೊಳೆಯಿತು. ರಿಲೇ ದಾರಿ ಮುಚ್ಚಿದ್ದರೆ ಬಾಕ್ಸು ಸುಮ್ಮನಾಗಬೇಕಿತ್ತು. ಅದು ಗೊಣಗುತ್ತಲೇ ಇತ್ತು. ಗೇಟು ಹಾಕಿದೆ, ರೈಲು ಒಳಗೆ ನುಗ್ಗುತ್ತಿದೆ.

ಹಾರಿ ಹೋಗಿ ಪ್ಲಗ್ ಕಿತ್ತೆ. ಹಾಡು ಸತ್ತಿತು. ಬಲಗಡೆ ಬಾಕ್ಸಿನ ಮುಂದಿನ ಬಟ್ಟೆಯಿಂದ ಸುಟ್ಟ ಅರಗಿನ ವಾಸನೆಯೂ ಸಣ್ಣಗೆ ಹೊಗೆಯೂ ಬಂದವು.

“ಯಾವನೋ ಪ್ಲಗ್ ಕಿತ್ತಿದ್ದು?” ಭಾವ ಊಟದ ಶಾಮಿಯಾನದ ಕಡೆಯಿಂದ ಓಡಿಬಂದರು.

“ನಾನು. ಬಾಕ್ಸ್ ಸುಡ್ತಿದೆ.”

“ಸುಡದೆ ಏನು? ನಿನ್ನ ಚಿಪ್ ಹಾಕಿದ್ನಲ್ಲ!” ಜನರ ಮುಂದೆ, ಗಾಯಕನ ಮುಂದೆ, ಗಣಪತಿಯ ಮುಂದೆ ಹೇಳಿದರು.

ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಅಲ್ಲೇ ಮುಚ್ಚಳ ಬಿಚ್ಚಿದೆ. ಪವರ್ ಟ್ರಾನ್ಸಿಸ್ಟರ್ ಸುಟ್ಟಿತ್ತು. ಅದಿರಲಿ, ರಿಲೇಯ ಎರಡು ಕಾಲುಗಳ ನಡುವೆ ಹಳದಿ ವಯರಿನ ಒಂದು ಸೇತುವೆ. ಅಂದರೆ ನನ್ನ ಚಿಪ್ಪು ಗೇಟು ಹಾಕಲಿ, ತೆಗೆಯಲಿ, ಸ್ಪೀಕರಿಗೆ ದಾರಿ ಸದಾ ತೆರೆದೇ ಇತ್ತು. ಧಡ್ ವಾಪಸ್ ತರಲು ಭಾವ ಮಾಡಿದ ಕೆಲಸ. ಬೆಸುಗೆ ಎಷ್ಟು ಚೆಂದವಿತ್ತೆಂದರೆ, ಇಡೀ ಡಬ್ಬಿಯಲ್ಲಿ ಅಷ್ಟು ನುಣುಪಾದ ಬೆಸುಗೆ ಇನ್ನೊಂದಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು.

“ಇದೇನು ಭಾವ?”

“ಅದು... ಸ್ವಲ್ಪ ಸಪೋರ್ಟಿಗೆ.”

ಸಪೋರ್ಟಿಗೆ! ಫ್ಯೂಸ್ ಹೋದರೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು ಸಪೋರ್ಟು. ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿಗೆ ತೊಡಿಸುವುದು ಸಪೋರ್ಟು. ಕುಕ್ಕರಿನ ಸೀಟಿ ಕೂಗಬಾರದೆಂದು ಮೇಲೆ ಗುಂಡುಕಲ್ಲು ಇಟ್ಟು, ಸಿಡಿದಾಗ ಕುಕ್ಕರಿನ ಕಂಪನಿಯನ್ನು ಬೈಯುವ ಜನ ನಾವು. ನಮ್ಮನ್ನು ಕಾಯಲೆಂದು ಏನನ್ನಾದರೂ ಕಟ್ಟಿದರೆ, ಮೊದಲು ಅದರ ಕೈಕಾಲು ಕಟ್ಟುತ್ತೇವೆ.

ಭಾವ ಹಳೆಯ ಆಂಪ್ಲಿಫೈಯರ್ ತರಲು ಅಂಗಡಿಗೆ ಓಡಿದರು. ಜನ ಸೀಟಿ ಹೊಡೆಯುತ್ತಿದ್ದರು. ಸಂಘದವರು ನನ್ನನ್ನು ತಳ್ಳಿ, ಮೈಕಿಲ್ಲದಿದ್ದರೂ ಸರಿ ಏನಾದರೂ ಮಾಡು ಎಂದರು. ನಾನು ವೇದಿಕೆ ಹತ್ತಿ ಭಾವನನ್ನೇ ಮಾಡಿದೆ. ಕಿಬ್ಬೊಟ್ಟೆಯಿಂದ ದನಿ ತೆಗೆದು, ಎದೆ ಉಬ್ಬಿಸಿ, “ಹಲೋ ಚೆಕ್! ದಮ್ ಇದೆ ಸ್ವಾಮಿ! ಧಡ್ ಅಂದ್ರೆ ಗ್ಯಾರಂಟಿ, ಹೊಗೆ ಬಂದ್ರೆ ಫ್ರೀ!” ಎಂದೆ. ಕಣ್ಣಿಗೆ ಕಾಣದ ವಯರನ್ನು ಬೆಸುಗೆ ಹಾಕಿ, “ಸಪೋರ್ಟಿಗೆ” ಎಂದೆ. ಪೆಂಡಾಲೇ ಬಿದ್ದುಬಿದ್ದು ನಕ್ಕಿತು. ನಾನು ಅಷ್ಟು ಚೆನ್ನಾಗಿ ಮಿಮಿಕ್ರಿ ಮಾಡಿದ್ದು ಅದೇ ಮೊದಲು. ಒಂದಿಷ್ಟೂ ನಗು ಬಾರದೆ ಮಾಡಿದ್ದೂ ಅದೇ ಮೊದಲು. ಭಾವ ಹಳೆಯ ಡಬ್ಬಿ ಹೊತ್ತು ಬಂದು ಹಿಂದಿನ ಸಾಲಿನಲ್ಲಿ ನಿಂತು ಕೇಳಿಸಿಕೊಂಡದ್ದು ಆಮೇಲೆ ಗೊತ್ತಾಯಿತು.

ಮರುದಿನದಿಂದ ನ್ಯೂ ಟೌನಿನಲ್ಲಿ ಸುದ್ದಿ: ಹುಡುಗನ ಚಿಪ್ಪು ಬಾಕ್ಸು ಸುಟ್ಟಿತು. ವಯರಿನ ವಿಷಯ ಯಾರಿಗೂ ಬೇಡ. ನನ್ನ ಆ ಮಿಮಿಕ್ರಿ ನೆನಪಿದ್ದವರೂ ಅದನ್ನು ಮಿಮಿಕ್ರಿ ಎಂದೇ ನೆನಪಿಟ್ಟಿದ್ದರು.

ವಾರದ ಮೇಲೆ ಅಕ್ಕ ಶಿವಮೊಗ್ಗಕ್ಕೆ ಬಂದಳು. ಕಾಫಿಯನ್ನೂ ಮುಟ್ಟದೆ ಹೇಳಿದಳು: “ಬಲಗಡೇದಕ್ಕೆ ಕಾಯಿಲ್ ಹೊಸದು ಹಾಕ್ಸಿದಾರೆ. ನಿನ್ನ ಬೋರ್ಡು ಕಿತ್ತು ಮೂಲೆಗಿಟ್ಟಿದ್ರು, ತಗೋ, ತಂದಿದೀನಿ. ಇನ್ನೂ ಗಣಪತಿ ಪ್ರೋಗ್ರಾಂಗಳಿವೆ. ಇನ್ನೊಂದ್ಸಲ ಸುಟ್ರೆ ಮುಗೀತು.”

“ಬೋರ್ಡು ಹಾಕ್ಲಿ, ಸುಡಲ್ಲ.”

“ಹಾಕಿದ್ರೆ ಧಡ್ ಅನ್ನಲ್ಲ. ಧಡ್ ಅನ್ದಿದ್ರೆ ಬುಕಿಂಗ್ ಬರಲ್ಲ.”

“ಹಂಗಾದ್ರೆ ಊರೇ ದಡ್ಡು.”

“ಹೌದಪ್ಪ, ಊರೇ ದಡ್ಡು, ನೀನೊಬ್ನೇ ಜಾಣ. ನಿಂಗೆ ಬಾಕ್ಸು ಉಳೀಬೇಕಾ, ಮಾತು ಗೆಲ್ಬೇಕಾ? ಒಂದು ಹೇಳು.”

ಎರಡೂ ಬೇಕಿತ್ತು. ನ್ಯಾಯವಾಗಿ ಎರಡೂ ನನ್ನವೇ ಆಗಿದ್ದವು. ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವವರೆಗೂ ನಾನು ವಾದಿಸುತ್ತಲೇ ಇದ್ದೆ. ಅವಳು ಕಿಟಕಿ ಮುಚ್ಚಿಕೊಂಡಳು.

ಮನೆಗೆ ಬಂದು ಬೇಸಿನ್ ಒದ್ದೆ. ಆಮೇಲೆ ಕೂತು, ಹಲ್ಲು ಕಚ್ಚಿಕೊಂಡು, ಧಡ್ ಬರೆಯತೊಡಗಿದೆ. ಉಪಾಯ ಕಷ್ಟದ್ದಲ್ಲ. ಚಿಪ್ಪು ಎಂದಿನಂತೆ ಕಾದು, ಎಲ್ಲ ಸರಿಯಿದೆ ಎಂದು ನೋಡಿ, ರಿಲೇಯಿಂದ ದಾರಿ ಬಿಟ್ಟ ಮೇಲೆ, ತನ್ನ ಒಂದು ಕಾಲಿನಿಂದ ಆಂಪ್ಲಿಫೈಯರಿಗೆ ಒಂದು ಸಣ್ಣ ದಪ್ಪ ಸದ್ದನ್ನು ಕಳಿಸಬೇಕು. ಅಳತೆಯ ಸದ್ದು. ಸ್ಪೀಕರಿಗೆ ನೋವಾಗದ ಸದ್ದು. ರೋಗವಿಲ್ಲದವನು ರಜೆಗಾಗಿ ಕೆಮ್ಮಿದ ಹಾಗೆ.

ಮೊದಲ ಸಲ ಅದು ‘ಪುರ್ರ್’ ಎಂದಿತು. ಅಡುಗೆಮನೆಯಿಂದ ಅಪ್ಪಾಜಿ, “ಯಾರೋ ಅದು?” ಎಂದರು. ಇನ್ನೊಂದು ಸಲ ತಗಡಿನ ಡಬ್ಬ ಬಿದ್ದ ಹಾಗೆ. ನಾನು ಕಣ್ಣು ಮುಚ್ಚಿಕೊಂಡು ಬಾಯಲ್ಲೇ ಮಾಡಿ ನೋಡಿದೆ. ಮೊದಲು ಗಂಟಲಲ್ಲಿ ಒಂದು ಗುದ್ದು, ಆಮೇಲೆ ಎದೆಯೊಳಗೆ ಇಳಿದು ಹೋಗುವ ಬಾಲ. ಬಾಯಲ್ಲಿ ಬಂದದ್ದನ್ನು ಪ್ರೋಗ್ರಾಮಿನಲ್ಲಿ ಬರೆದೆ, ತಪ್ಪಿದ್ದನ್ನು ಮತ್ತೆ ಬಾಯಲ್ಲಿ ಹುಡುಕಿದೆ. ಅಮ್ಮ ಬಾಗಿಲಲ್ಲಿ ನಿಂತು, ಮಗ ಒಬ್ಬನೇ ಗೋಡೆಗೆ “ಧಡ್, ಧಡ್ಡು, ಧಡೂಂ” ಎನ್ನುವುದನ್ನು ನೋಡಿ, ಹಣೆಗೆ ವಿಭೂತಿ ತಂದಿಟ್ಟು ಹೋದಳು. ಸರಿಯಾದದ್ದು ಸಿಕ್ಕಿದಾಗ ನನಗೆ ಖುಷಿಯಾಗಲಿಲ್ಲ. ತಿಂಗಳುಗಟ್ಟಲೆ ಕೂತು ಒಂದು ರೋಗವನ್ನು ಗುಣಪಡಿಸಿ, ಈಗ ಅದರ ಲಕ್ಷಣವನ್ನು ಕೈಯಾರೆ ತಯಾರಿಸುತ್ತಿದ್ದೆ.

ಬೋರ್ಡನ್ನು ಭಾವ ಮಾತಾಡದೆ ತೆಗೆದುಕೊಂಡರು. ಮಾತಾಡದೆ ಕೂರಿಸಿದರು. ವಯರಿನ ಸಪೋರ್ಟು ಹಾಕಲು ಜಾಗವಿಲ್ಲದ ಹಾಗೆ ರಿಲೇಯನ್ನು ಪೂರ್ತಿ ಅಂಟಿನಲ್ಲಿ ಮುಳುಗಿಸಿದ್ದೆ. ಅದನ್ನು ಬೆರಳಲ್ಲಿ ಕೆರೆದು ನೋಡಿ, “ಹೂಂ, ನಂಬಿಕೆ” ಎಂದರು. ಕಾಗದನಗರದ ಕಾರ್ಯದರ್ಶಿಗೆ ಕರೆ ಹೋಯಿತು. ಸ್ವಿಚ್. ಕಾಯುವಿಕೆ. ಟಿಕ್. ಧಡ್ಡ್!

“ಆಹಾ!” ಕಾರ್ಯದರ್ಶಿ ಎದೆ ತಟ್ಟಿಕೊಂಡರು. “ನೋಡಿ, ದಮ್ ಕಟ್ಟಿ ಕಟ್ಟಿ ಬಿಡ್ತಾ ಇದೆ. ಹಳೇದಕ್ಕಿಂತ ಜಾಸ್ತಿ ಪವರ್ರು.”

ನನಗೆ ತಡೆಯಲಾಗಲಿಲ್ಲ. “ಅದು ಸುಳ್ಳು ಸಾರ್. ಪ್ರೋಗ್ರಾಂ ಬರೆದು ಮಾಡಿದ್ದು. ಮಿಮಿಕ್ರಿ.”

“ಸುಳ್ಳಾದ್ರೇನು ತಂಬಿ, ಚೆನ್ನಾಗಿದೆ” ಎಂದು ನನ್ನ ಬೆನ್ನು ತಟ್ಟಿ ಬುಕಿಂಗ್ ಮಾಡಿ ಹೋದರು. ಸತ್ಯಕ್ಕೆ ಇಷ್ಟು ನಯವಾದ ಅವಮಾನವನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಆ ಹಂಗಾಮಿನ ಕೊನೆಯ ಪ್ರೋಗ್ರಾಂ ಮಲವಗೊಪ್ಪದಲ್ಲಿ. ಅಲ್ಲಿಯ ಕರೆಂಟು ಜೂಜಾಡುವ ಜಾತಿಯದು. ಸಂಜೆ ಭಾಷಣದ ನಡುವೆ ಮತ್ತೆ ಟ್ರಾನ್ಸಿಸ್ಟರ್ ಹೋಯಿತು. ಈ ಸಲ ಗುಂ ಎನ್ನಲಿಲ್ಲ. ‘ಟಿಕ್’ ಎಂದಿತು, ಎರಡೂ ಬಾಕ್ಸು ಒಟ್ಟಿಗೆ ಸುಮ್ಮನಾದವು, ಕೆಂಪು ದೀಪ ಮಿನುಗಿತು. ಭಾಷಣಕಾರರ ಬಾಯಿ ಮಾತ್ರ ಆಡುತ್ತಿತ್ತು. ಜನ ಹೋ ಎಂದರು. ಯಾರೋ “ಸೌಂಡ್ ಅಣ್ಣಂಗೆ ಗ್ಲೂಕೋಸ್ ಕೊಡ್ರೋ” ಎಂದ. ಭಾವನ ಮುಖ ಇಟ್ಟಿಗೆಯಂತಾಯಿತು. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡರು, ಕೆಳಗಿಟ್ಟರು, ಮತ್ತೆ ತೆಗೆದುಕೊಂಡರು. ನಾನು ಡಬ್ಬಿಗೆ ಅಡ್ಡ ನಿಂತೆ. ಕೊನೆಗೆ ಅವರು ಹಳೇ ಆಂಪ್ಲಿಫೈಯರಿಗೆ ಕಂಬದ ಹಾರ್ನ್ ಸ್ಪೀಕರುಗಳನ್ನು ಸಿಕ್ಕಿಸಿ ಭಾಷಣ ಮುಗಿಸಿದರು.

ಸಾಮಾನು ಕಟ್ಟುವಾಗ ನನ್ನ ನಾಲಿಗೆಯ ಮೇಲೆ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಊರಿಗೆಲ್ಲ ಕೇಳುವಂತೆ ‘ನಿನ್ನ ಚಿಪ್ಪೇ ಉಳಿಸಿದ್ದು’ ಎಂದು ಭಾವನ ಬಾಯಿಂದ ಹೇಳಿಸಬೇಕೆಂದಿದ್ದೆ. ಭಾವ ಒಂದು ಬಾಕ್ಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೋನಿನ ಮೇಲೆ ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ, ಕಿವಿ ಹತ್ತಿರ ತಂದರು. ಕಾಯಿಲ್ ಸುಟ್ಟಿದ್ದರೆ ಒಳಗೆ ಉಜ್ಜುವ ಸದ್ದು ಬರುತ್ತದೆ. ಬರಲಿಲ್ಲ. ಎರಡನೆಯದನ್ನೂ ಹಾಗೇ ನೋಡಿದರು. ಅದೂ ಚೆನ್ನಾಗಿತ್ತು.

ಆಮೇಲೆ ಎದ್ದು, ಪಂಚೆ ಕೊಡವಿಕೊಂಡು ನನ್ನ ಕಡೆ ತಿರುಗಿದರು.

“ಏನಯ್ಯ ನಿನ್ನ ಚಿಪ್ಪು? ಭಾಷಣದ ಮಧ್ಯೆ ನಿಲ್ಸಿ ಮಾನ ಕಳೀತಲ್ಲ!”

“ಬಾಕ್ಸು ಉಳೀತಲ್ಲ ಭಾವ!”

“ಉಳೀತು. ಉಳ್ಸೋದಾದ್ರೆ ಪ್ರೋಗ್ರಾಂ ಮುಗಿದ ಮೇಲೆ ಉಳ್ಸೋಕೆ ಹೇಳು ಅದಕ್ಕೆ.”

ಭಾವ ಅಕ್ಕನ ಸೀರೆಯನ್ನು ಬಾಕ್ಸುಗಳಿಗೆ ಹೊದಿಸಿ ಅಂಚು ಸಿಕ್ಕಿಸುತ್ತಾ, “ಇನ್ನೆರಡು ಬೋರ್ಡು ಮಾಡು, ಹಳೇ ಆಂಪ್ಲಿಫೈಯರ್‌ಗಳಿಗೂ ಹಾಕೋಣ. ಧಡ್ ಸ್ವಲ್ಪ ಜೋರಾಗಿರ್ಲಿ” ಎಂದರು. ಆಗುವುದಿಲ್ಲ ಎಂದೆ. ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ ಎಂದೆ. ಬಾಕ್ಸಿನ ಒಂದು ತುದಿಯನ್ನು ಅವರು ಹಿಡಿದರು, ಇನ್ನೊಂದು ತುದಿಯನ್ನು ನಾನೇ ಹಿಡಿಯಬೇಕಾಯಿತು, ಅಷ್ಟು ಭಾರ. ಲಗೇಜ್ ಆಟೋದವರೆಗೂ ಬೈದುಕೊಳ್ಳುತ್ತಲೇ ಹೊತ್ತೆವು.